ಚತುಷ್ಪಾದಿಗಳಿಗೆ ಬಂದ ಕಾಲುಬಾಯಿ ಜ್ವರ

ಬಂದರಿನ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ಬಿಜೈಯ ನಮ್ಮ ಮನೆಗೆ ಬರುತ್ತಾರೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು, ಚುರುಕಿನವರು. ಚಹಾ ಬರುವ ಮೊದಲೇ ಪ್ರಶ್ನೆ ಬರುತ್ತದೆ. "ಸರ್, ನಿಮ್ಮ ಕಾಲದಲ್ಲಿ ಕಂಪ್ಯೂಟರ್ ಇರ್ಲಿಲ್ಲ. ಟೆಟ್ರಾಪಾಡಿನ ಕಾಲು ಯಾಕೆ ಮುರಿಯುತ್ತದೆ ಅಂತ ಹೇಗೆ ಗೊತ್ತು ಮಾಡ್ತಿದ್ರಿ?"

"ದನದ ಡಾಕ್ಟರನ್ನು ಕರೆಸಿದ್ದೆವು" ಎನ್ನುತ್ತೇನೆ.

ಅಜ್ಜನಿಗೆ ಮರೆವು ಶುರುವಾಗಿದೆ ಎಂದುಕೊಂಡು ಅವರು ಬಿಸ್ಕತ್ತಿನ ತಟ್ಟೆಯ ಕಡೆ ನೋಡುತ್ತಾರೆ. ನನಗೆ ಮರೆವಿಲ್ಲ. ನಾನು ಯಾವಾಗ ಎಲ್ಲಿಗೆ ಬಡ್ತಿ ಪಡೆದು ಹೋದೆ ಎಂಬುದು ಪಿಂಚಣಿ ಕಚೇರಿಯವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅದನ್ನು ಅವರಲ್ಲೇ ಕೇಳಿಕೊಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಮ್ಮ ಕಾಂಕ್ರೀಟ್ ಎರಕದ ಅಂಗಳಕ್ಕೆ ಡಾಕ್ಟರ್ ಲೋಬೊ ಬಂದು ಹೋದದ್ದನ್ನು ಮಾತ್ರ ಯಾವ ಕಚೇರಿಯೂ ನಿಮಗೆ ಹೇಳುವುದಿಲ್ಲ.

ಮೊದಲು ಈ ಟೆಟ್ರಾಪಾಡ್ ಎಂಬ ಪ್ರಾಣಿಯ ಪರಿಚಯವಾಗಲಿ. ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಸಮುದ್ರದೊಳಕ್ಕೆ ಕಲ್ಲಿನ ತಡೆಗೋಡೆ ಹಾಕುತ್ತೇವಲ್ಲ, ಅದರ ಮೈಗೆ ಹೊದೆಸುವ ಕಾಂಕ್ರೀಟಿನ ತುಂಡು ಅದು. ನಡುವೆ ದಪ್ಪ ಹೊಟ್ಟೆ, ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ಕಾಲು. ಹೇಗೆ ಬೀಳಿಸಿದರೂ ಮೂರು ಕಾಲು ನೆಲಕ್ಕೆ, ಒಂದು ಆಕಾಶಕ್ಕೆ. ಒಂದರ ಕಾಲು ಇನ್ನೊಂದರ ಸಂದಿಗೆ ಸಿಕ್ಕಿಕೊಂಡು ಕೂತರೆ ಅಲೆ ಬಂದು ಅವುಗಳ ನಡುವೆ ದಾರಿ ಹುಡುಕಿ ಹುಡುಕಿ ಸುಸ್ತಾಗಿ ಹಿಂದೆ ಹೋಗಬೇಕು. ಒಳಗೆ ಕಬ್ಬಿಣ ಇರುವುದಿಲ್ಲ. ಬರೀ ಕಾಂಕ್ರೀಟನ್ನು ಒತ್ತಿದರೆ ಎಷ್ಟು ಬೇಕಾದರೂ ತಡೆದುಕೊಳ್ಳುತ್ತದೆ, ಎಳೆದರೆ ಅಥವಾ ಬಗ್ಗಿಸಿದರೆ ಕೂಡಲೇ ಬಿರುಕು ಬಿಡುತ್ತದೆ. ಆದ್ದರಿಂದ ಅದು ಅಲುಗಾಡದೆ ಕೂರಬೇಕು. ಕೂತಲ್ಲೇ ತೂಗಾಡತೊಡಗಿದರೆ ಕಾಲು ಬುಡದಲ್ಲೇ ಹೋಗುತ್ತದೆ.

ಅದರ ಮೊದಲ ಮಾದರಿಗಳನ್ನು ನಾನು ಅಮ್ಮನ ಅಡುಗೆಮನೆಯಲ್ಲಿ ಅಕ್ಕಿಹಿಟ್ಟಿನಲ್ಲಿ ಮಾಡಿದೆ. ಅಮ್ಮ ಹಬೆಯಲ್ಲಿ ಬೇಯಿಸಿ ಗಟ್ಟಿ ಮಾಡಿ ಕೊಡುತ್ತಿದ್ದರು. ಪಾಸಾದದ್ದು ಆಫೀಸಿಗೆ, ಫೇಲಾದದ್ದು ಮೀನಿನ ಸಾರಿಗೆ.

ಅಂಗಳದ ಆಳುಗಳು ಇವನ್ನು ಟೆಟ್ರಾಪಾಡ್ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವರಿಗೆ ಇದು ಎರು. ತುಳುವಿನಲ್ಲಿ ಎರು ಎಂದರೆ ಕೋಣ. ಹೊಟ್ಟೆ ಉಂಟು, ನಾಲ್ಕು ಕಾಲು ಉಂಟು, ಕರೆದರೆ ಬರುವುದಿಲ್ಲ, ಇನ್ನೇನು ಬೇಕು? ಐತಪ್ಪ ಮೇಸ್ತ್ರಿ ಎಂಬವರು ಎರಕದ ಕೆಲಸದ ಯಜಮಾನ. ನಂಬರಿನ ಪಕ್ಕದಲ್ಲಿ ಸುಣ್ಣದಲ್ಲಿ ಹೆಸರನ್ನೂ ಬರೆಸುತ್ತಿದ್ದರು. ಬೊಳ್ಳ, ಕಾಟಿ, ಕುಟ್ಟಿ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮದು ಗದ್ದೆಯ ಮನೆ. ನನಗೆ ಮಾತು ಕಲಿಸಿದ ದೊಡ್ಡಮಾವ ಕೋಣಗಳಿಗೆ ತುಳುವಿನಲ್ಲಿ ಬೈಯುತ್ತಿದ್ದರು, ನಮಗೆ ಕನ್ನಡದಲ್ಲಿ. ಕೋಣಗಳು ಬೇಗ ತಿದ್ದಿಕೊಳ್ಳುತ್ತಿದ್ದವು.

ಇನ್ನು ಕಾಂತಣ್ಣ. ಅಳಿವೆಯ ಹತ್ತಿರದ ಮೀನುಗಾರರು, ನನಗಿಂತ ಹಿರಿಯರು. ಅವರಿಗೆ ಎರಡು ದೋಣಿಗಳಿದ್ದವು. ಡಾಕ್ಟರ್ ಲೋಬೊ ಬರುವ ಹಿಂದಿನ ವರ್ಷ ನಾವು ಗೋಡೆಯ ತುದಿಗೆ ಮೊದಲ ಕಂತಿನ ಸಣ್ಣ ಎರುಗಳನ್ನು ಹಾಕಿ, ಇನ್ನು ಒಳಗೆ ನೀರು ಶಾಂತ ಎಂದು ಊರಿಗೆಲ್ಲ ಹೇಳಿದ್ದೆವು. ಅದನ್ನು ನಂಬಿ ಕಾಂತಣ್ಣ ಮಳೆಗಾಲದಲ್ಲಿ ದೋಣಿಗಳನ್ನು ಮೇಲೆ ಎಳೆಯದೆ ಗೋಡೆಯ ಮರೆಯಲ್ಲೇ ಕಟ್ಟಿದರು. ಆಷಾಢದ ಒಂದು ದಿನ ಎರುವೊಂದರ ಕಾಲು ಮುರಿಯಿತು. ಆ ಕಾಲನ್ನು ಅಲೆ ಎತ್ತಿಕೊಂಡು ಗೋಡೆ ದಾಟಿಸಿ ಸೀದಾ ಅವರ ದೊಡ್ಡ ದೋಣಿಯ ಹೊಟ್ಟೆಗೆ ಹೊಡೆದು ಅದನ್ನು ಮುಳುಗಿಸಿತು.

ಮರುದಿನ ಅವರು ಆಫೀಸಿಗೆ ಬಂದು ಮೆಲ್ಲಗೆ ಹೇಳಿದರು. "ಶೆಟ್ರೇ, ನಿಮ್ಮ ಎರು ನನ್ನ ದೋಣಿಗೆ ಒದ್ದಿತು."

ನಾನೇನು ಹೇಳಲಿ? ಒದೆಯುವ ಉದ್ದೇಶ ಅದಕ್ಕಿರಲಿಲ್ಲ ಎನ್ನಲೇ? ಅವರು ಜಗಳವಾಡಲಿಲ್ಲ. ಮುರಿದ ಕಾಲನ್ನು ಹತ್ತು ಜನ ಸೇರಿ ಉರುಳಿಸಿಕೊಂಡು ಹೋಗಿ ದಡದಲ್ಲಿ ಹೂತು, ಉಳಿದ ದೋಣಿಯನ್ನು ಅದಕ್ಕೇ ಕಟ್ಟಿದರು. "ಇದು ಇನ್ನು ಎಲ್ಲಿಗೂ ಓಡ್ಲಿಕ್ಕಿಲ್ಲ" ಎಂದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಅಂಗಳದ ಬೇಲಿಯ ಹತ್ತಿರ ನಿಂತು ನನ್ನಲ್ಲಿ ಒಂದೇ ಪ್ರಶ್ನೆ. "ಎಂಚ ಉಂಡು?" ಎಂದರೆ, ಹೇಗುಂಟು. ಮುಂದಿನ ಮಳೆಗೆ ಗೋಡೆ ನಿಲ್ಲುತ್ತದಾ, ಒಂದೇ ಉಳಿದ ದೋಣಿಯನ್ನು ಒಳಗೆ ಕಟ್ಟಬಹುದಾ, ಹೆಂಡತಿ ಮಕ್ಕಳ ಊಟ ಆ ಹಲಗೆಗಳ ಮೇಲೆ ಉಂಟಲ್ಲ, ಇಷ್ಟೂ ಆ ಎರಡು ಶಬ್ದಗಳಲ್ಲಿರುತ್ತಿತ್ತು. ನಾನು "ನಡೀತಾ ಉಂಟು ಕಾಂತಣ್ಣ" ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಮೇಲಿನ ಕಚೇರಿಯವರು ಕಂಡುಕೊಂಡ ಪರಿಹಾರ ಸುಲಭದ್ದು. ಎರು ಸಣ್ಣದಾಯಿತು, ದೊಡ್ಡದು ಮಾಡಿ. ನಾನು ಸ್ಲೈಡ್ ರೂಲ್ ಹಿಡಿದು ದೊಡ್ಡದು ಮಾಡಿದೆ. ಒಂದು ಮಾತು ನೀವು ನೆನಪಿಡಬೇಕು. ಎಲ್ಲ ಅಳತೆಗಳನ್ನು ಎರಡು ಪಟ್ಟು ಮಾಡಿದರೆ ಪ್ರಾಣಿಯ ತೂಕ ಎಂಟು ಪಟ್ಟಾಗುತ್ತದೆ, ಆ ತೂಕ ಹೊರುವ ಕಾಲಿನ ಅಡ್ಡಕೊಯ್ತ ನಾಲ್ಕೇ ಪಟ್ಟಾಗುತ್ತದೆ. ದೊಡ್ಡದಾದಷ್ಟೂ ಅದು ತನ್ನ ಗಾತ್ರಕ್ಕೆ ಬಡವಾಗುತ್ತದೆ. ಇದು ನನಗೆ ಗೊತ್ತಿತ್ತು. ಆದ್ದರಿಂದ ಕಾಲನ್ನು ದಪ್ಪ ಮಾಡಿ, ಬುಡದ ಮೂಲೆಗಳನ್ನು ಉರುಟು ಮಾಡಿದ್ದೆ. ಆದರೂ ಏನಾಯಿತು? ಹೊಸ ಎರುಗಳು ಸಮುದ್ರದ ಮುಖ ನೋಡುವ ಮೊದಲೇ, ಅಂಗಳದಲ್ಲಿ ಕ್ರೇನ್ ಎತ್ತುವಾಗಲೇ ಕಾಲು ಕಳಚಿಕೊಳ್ಳತೊಡಗಿದವು. ಆರೇಳು ಹೋದವು. ಉಳಿದವುಗಳ ಬುಡ ನೋಡಿದರೆ ಕೂದಲೆಳೆಯಂಥ ಬಿರುಕು.

ಆಗ ನಮ್ಮ ಮೇಲಧಿಕಾರಿ ರಾಮಶೇಷಯ್ಯನವರು. ಮೈಸೂರು ಕಡೆಯವರು, ಶುದ್ಧ ಮನುಷ್ಯ, ಇನ್ನೂ ಶುದ್ಧವಾದ ಕನ್ನಡ. ನಾನು ಹೋಗಿ, "ಸರ್, ಎರಕದ ಅಚ್ಚು ಬೇಗ ಬಿಚ್ಚುತ್ತೇವೆ ಅಂತ ಕಾಣ್ತದೆ. ಸ್ವಲ್ಪ ದಿನ ಹಾಗೇ ಬಿಡೋಣ" ಎಂದೆ.

"ಅಚ್ಚು ಇರೋದೇ ನಾಲ್ಕು ಮತ್ತೊಂದು. ಬಿಚ್ಚದೇ ಇಟ್ರೆ ದಿನಕ್ಕೆ ಎಷ್ಟು ಬರುತ್ತೆ? ಮಳೆ ನಿಮಗೋಸ್ಕರ ಕಾಯುತ್ತಾ ಶೆಟ್ರೇ?"

"ಕಾಯುವುದಿಲ್ಲ ಸರ್. ಆದ್ರೆ ಕಾರಣ ಗೊತ್ತಾಗದೆ..."

"ಕಾರಣಕ್ಕೆ ತಜ್ಞರನ್ನ ಕರೆಸೋಣ. ನಾನೇ ಪತ್ರ ಬರೀತೀನಿ. ಕನ್ನಡದಲ್ಲಿ."

ಆಡಳಿತವೆಲ್ಲ ಕನ್ನಡದಲ್ಲೇ ನಡೆಯಬೇಕು ಎಂಬ ಸುತ್ತೋಲೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಉಳಿದ ಕಚೇರಿಗಳು ಅದನ್ನು ಓದಿ ಫೈಲಿಗೆ ಹಾಕಿದವು. ರಾಮಶೇಷಯ್ಯನವರು ಪಾಲಿಸಿದರು. ಕ್ರೇನ್ ಎಂದರೆ ಕ್ರೌಂಚ. "ಆ ಹೆಸರಿನ ಹಕ್ಕಿ ಇದೆಯಲ್ರೀ, ಅದೇ ಕತ್ತು, ಅದೇ ಠೀವಿ." ಟೆಟ್ರಾಪಾಡ್ ಎಂದರೆ ಚತುಷ್ಪಾದಿ. "ಟೆಟ್ರಾ ಅಂದ್ರೆ ನಾಲ್ಕು, ಪಾಡ್ ಅಂದ್ರೆ ಪಾದ. ನಮ್ಮ ಭಾಷೇಲಿ ಇಲ್ಲದ್ದು ಏನಿದೆ?"

"ಸರ್, ಚತುಷ್ಪಾದಿ ಅಂದ್ರೆ ದನ ಕರು ಅಂತ ಆಗ್ತದೆ" ಎಂದು ನಾನು ಹೇಳಿಯೂ ಹೇಳಿದೆ.

"ಕಾಂಕ್ರೀಟ್ ಅಂಗಳದಲ್ಲಿ ಯಾರ್ರೀ ದನ ಕಟ್ತಾರೆ?"

ಅವರ ಪತ್ರದ ಒಕ್ಕಣೆ ನನಗೆ ಇಂದಿಗೂ ಬಾಯಿಪಾಠ. "ನಮ್ಮ ಅಂಗಳದಲ್ಲಿರುವ ಚತುಷ್ಪಾದಿಗಳ ಪೈಕಿ ಕೆಲವು ಕ್ರೌಂಚದಿಂದ ಎತ್ತಲ್ಪಡುವಾಗ ಕಾಲು ಮುರಿದುಕೊಂಡಿರುತ್ತವೆ. ಉಳಿದವುಗಳ ಕಾಲುಗಳಲ್ಲಿಯೂ ಬಿರುಕು ಕಾಣಿಸಿಕೊಂಡಿದೆ. ಮಳೆಗಾಲಕ್ಕೆ ಮುನ್ನ ಇವೆಲ್ಲವನ್ನೂ ಸಮುದ್ರಕ್ಕೆ ಹಾಕಬೇಕಾಗಿರುವುದರಿಂದ ತಜ್ಞರನ್ನು ತುರ್ತಾಗಿ ಕಳುಹಿಸಿಕೊಡಬೇಕಾಗಿ ಕೋರಿದೆ." ಪತ್ರ ಜಿಲ್ಲೆಯ ದೊಡ್ಡ ಕಚೇರಿಗೆ ಹೋಯಿತು. ಅಲ್ಲಿ ಯಾರೋ ಅದನ್ನು ಸರಿಯಾಗಿ ಓದಿ, ಸರಿಯಾಗಿ ಅರ್ಥಮಾಡಿಕೊಂಡು, ಸರಿಯಾದ ಇಲಾಖೆಗೆ ಕಳುಹಿಸಿದರು.

ಒಂದು ದಿನ ಬೆಳಗ್ಗೆ ಜೀಪು ಬಂದು ನಿಂತಿತು. ಇಳಿದವರು ಕಂಕನಾಡಿಯ ಡಾಕ್ಟರ್ ಲೋಬೊ, ಪಶುವೈದ್ಯರು. ಗುಂಡಗಿನ ಆಳು, ಕೈಯಲ್ಲಿ ಚೀಲ, ಬೆನ್ನ ಹಿಂದೆ ಒಬ್ಬ ಪೊಲೀಸ್. ಮುಖ ಕೆಂಪಾಗಿತ್ತು.

"ಇಲ್ಲಿಯ ಜವಾಬ್ದಾರಿ ಯಾರು? ಎಂತ ಮಾರಾಯ್ರೆ ನೀವು, ಮನುಷ್ಯರಾ? ಕಾಲು ಮುರಿದ ಪ್ರಾಣಿಗಳನ್ನು ಸಮುದ್ರಕ್ಕೆ ಹಾಕುವುದಾ? ಅದೂ ಕಾಗದ ಬರ್ದು ತಿಳಿಸಿ?"

ರಾಮಶೇಷಯ್ಯನವರು ಅಂದು ಊರಲ್ಲಿರಲಿಲ್ಲ. ನಾನು ಡಾಕ್ಟರನ್ನು ಒಳಗೆ ಕರೆದುಕೊಂಡು ಹೋಗಿ ಎರುಗಳ ಸಾಲಿನ ಮುಂದೆ ನಿಲ್ಲಿಸಿದೆ. ಅವರು ಸಾಲಿನ ಸುತ್ತ ಒಮ್ಮೆ ನಡೆದರು. ಕಾಗದ ತೆಗೆದು ಮತ್ತೊಮ್ಮೆ ಓದಿದರು.

"ಕ್ರೌಂಚ?"

ನಾನು ಕ್ರೇನ್ ತೋರಿಸಿದೆ.

"ಛೆ. ಕೋಣವನ್ನು ಎತ್ತಿಕೊಂಡು ಹೋಗುವ ಹಕ್ಕಿ ಯಾವುದು ಅಂತ ನೋಡ್ಲಿಕ್ಕೆ ಅರ್ಧ ಆಸೆಯಲ್ಲಿ ಬಂದದ್ದು ನಾನು." ಪೊಲೀಸಿನವ ನೆರಳು ನೋಡಿ ಒಂದು ಎರುವಿನ ಬುಡದಲ್ಲಿ ಕೂತು ಬೀಡಿ ಹಚ್ಚಿದ. ನಾನು ಕ್ಷಮೆ ಕೇಳಿ, ಚಹಾ ಕುಡಿದು ಹೋಗಿ ಎಂದೆ.

"ಹಾಗೆ ಹೋಗ್ಲಿಕ್ಕೆ ಆಗುವುದಿಲ್ಲ ಶೆಟ್ರೇ. ಪ್ರಾಣಿ ನೋಡ್ಲಿಲ್ಲ ಅಂತ ಬರೆದ್ರೆ ಪುನಃ ಹೋಗಿ ನೋಡು ಅಂತಾರೆ. ಇಲ್ಲಿ ಪ್ರಾಣಿಯೇ ಇಲ್ಲ ಅಂತ ಬರೆದ್ರೆ, ಇದ್ದವು ಎಲ್ಲಿ ಹೋದವು ಅಂತ ವಿಚಾರಣೆ ಮಾಡ್ತಾರೆ. ಒಂದನ್ನು ನೋಡಿಯೇ ಬಿಡ್ತೇನೆ. ಇದರದ್ದು ಯಾರು ಮಾಲಕರು?"

ಐತಪ್ಪ ಮೇಸ್ತ್ರಿ ಮೊಣಕಾಲಿಗೆ ಎತ್ತಿ ಕಟ್ಟಿದ್ದ ಮುಂಡು ಇಳಿಸಿಕೊಂಡು ಮುಂದೆ ಬಂದರು. ಆಮೇಲಿನ ಮಾತುಕತೆಯಲ್ಲಿ ಇಬ್ಬರೂ ನಗಲಿಲ್ಲ, ಅದನ್ನು ನೀವು ಗಮನಿಸಬೇಕು.

"ಪ್ರಾಯ ಎಷ್ಟು?"

"ನಿನ್ನೆ ಬೆಳಗ್ಗೆ ಆದದ್ದು ಡಾಕ್ಟ್ರೇ."

"ನಿನ್ನೆ ಹುಟ್ಟಿದ್ದನ್ನು ಇವತ್ತೇ ಬತ್ತಲೆ ನಿಲ್ಲಿಸಿದ್ದಾ?"

"ಅಚ್ಚು ಬೇರೆಯದಕ್ಕೆ ಬೇಕಲ್ಲ."

"ಸ್ನಾನ?"

"ಅಚ್ಚು ಬಿಚ್ಚಿದ ಕೂಡ್ಲೇ. ಬಾವಿಯ ನೀರು, ಪೈಪಿನಲ್ಲಿ. ಒಳ್ಳೆ ತಣ್ಣಗೆ ಇರ್ತದೆ."

ಡಾಕ್ಟರು ಎರುವಿನ ಎರಡು ಕಾಲುಗಳ ಸಂದಿಗೆ, ಕಂಕುಳಿನಂಥ ಜಾಗಕ್ಕೆ ಅಂಗೈ ಇಟ್ಟರು. ಹುಬ್ಬು ಮೇಲೆ ಹೋಯಿತು. ಚೀಲದಿಂದ ದನದ ಥರ್ಮಾಮೀಟರ್ ತೆಗೆದು ಅಲ್ಲಿ ಬಾಯಿ ಬಿಟ್ಟಿದ್ದ ಬಿರುಕಿನೊಳಗೆ ಮೆಲ್ಲಗೆ ತೂರಿಸಿ ಗಡಿಯಾರ ನೋಡುತ್ತ ನಿಂತರು. ಪಾದರಸ ಸರಸರ ಏರಿತು. ಗೀಟುಗಳು ಮುಗಿದವು. ಟಿಕ್ ಎಂದು ಗಾಜು ಒಡೆಯಿತು.

"ಜ್ವರ" ಎಂದರು ಡಾಕ್ಟರ್ ಲೋಬೊ. "ನನ್ನ ಸರ್ವಿಸಿನಲ್ಲಿ ಇಷ್ಟು ಜ್ವರ ನೋಡ್ಲಿಲ್ಲ ನಾನು. ಮೈ ಹೀಗೆ ಸುಡುವಾಗ ತಣ್ಣೀರು ಹೊಯ್ದ್ರೆ ಯಾವ ಪ್ರಾಣಿ ನಿಂತೀತು?"

ಮೇಸ್ತ್ರಿ ತಲೆ ತಗ್ಗಿಸಿದರು. ನಾನು ಅಲ್ಲೇ ಒಂದು ಮುರಿದ ಕಾಲಿನ ಮೇಲೆ ಕೂತೆ.

ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದು. ಅಣೆಕಟ್ಟು ಕಟ್ಟುವವರು ಅದಕ್ಕೆಂದೇ ಒಳಗೆ ತಣ್ಣೀರಿನ ಕೊಳವೆ ಇಡುತ್ತಾರೆ. ಆದರೆ ಅದು ಅಣೆಕಟ್ಟಿನಂಥ ದೊಡ್ಡ ವಸ್ತುಗಳ ಕಾಯಿಲೆ ಎಂದು ನಾವೆಲ್ಲರೂ ತಿಳಿದಿದ್ದೆವು. ಸಣ್ಣ ಎರುಗಳಲ್ಲಿ ಬಿಸಿ ತಾನಾಗಿಯೇ ಹೊರಟು ಹೋಗುತ್ತಿತ್ತು. ಈಗ ದೊಡ್ಡದು ಮಾಡಿದ್ದೆವಲ್ಲ, ನಾಲ್ಕು ಕಾಲುಗಳು ಸೇರುವ ಹೊಟ್ಟೆ ಒಳಗೊಳಗೇ ಕುದಿಯುತ್ತಿತ್ತು. ಅದೇ ಹೊತ್ತಿಗೆ ನಾವು ಅಂಗಿ ಬಿಚ್ಚಿಸಿ ಮೇಲೆ ತಣ್ಣೀರು ಬಿಡುತ್ತಿದ್ದೆವು. ಹೊರಗಿನ ಚರ್ಮ ಕುಗ್ಗುತ್ತದೆ, ಒಳಗಿನ ಹೊಟ್ಟೆ ಕುಗ್ಗಲು ಬಿಡುವುದಿಲ್ಲ, ಎಳೆದಾಟಕ್ಕೆ ಕಾಲಿನ ಬುಡದಲ್ಲಿ ಬಿರುಕು. ಎತ್ತಿದಾಗ ಕಾಲು ಕೆಳಗೆ.

ಡಾಕ್ಟರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದರು. "ರೋಗದ ಹೆಸರು ಒಂದು ಹಾಕ್ಬೇಕು. ಕಾಲಿನಲ್ಲಿ ತೊಂದರೆ, ಮೈಯಲ್ಲಿ ಜ್ವರ, ಜಾಗ ಅಳಿವೆಯ ಬಾಯಿ. ನಮ್ಮ ಪುಸ್ತಕದಲ್ಲಿ ಇದಕ್ಕೆ ಇರುವುದು ಒಂದೇ ಹೆಸರು ಶೆಟ್ರೇ. ಕಾಲುಬಾಯಿ ಜ್ವರ." ಚಿಕಿತ್ಸೆ ಎಂಬಲ್ಲಿ ಹೀಗೆ ಬರೆದರು: ಜ್ವರ ಇಳಿಯುವವರೆಗೆ ಪೂರ್ಣ ವಿಶ್ರಾಂತಿ. ಮೈಗೆ ಗೋಣಿ ಹೊದೆಸುವುದು. ತಣ್ಣೀರಿನ ಸ್ನಾನ ವರ್ಜ್ಯ. ಕ್ರೌಂಚದ ಸಹವಾಸ ಬೇಡ.

ರಾಮಶೇಷಯ್ಯನವರು ಮರಳಿ ಬಂದಾಗ ಆ ಹಾಳೆಯನ್ನು ಅವರ ಮುಂದಿಟ್ಟು, ಬಯ್ಗುಳಕ್ಕೆ ತಯಾರಾಗಿ ನಿಂತೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ತಪ್ಪು ಇಲಾಖೆಯವರು ಬಂದರು ಎಂದರೆ ಚತುಷ್ಪಾದಿ ಎಂಬ ಶಬ್ದ ತಪ್ಪು ಎಂದಾಗುತ್ತದೆ. ಆ ಶಬ್ದವನ್ನು ಬಿಡುವುದಕ್ಕಿಂತ ಇಡೀ ತಡೆಗೋಡೆಯನ್ನು ಬಿಡುವುದು ಅವರಿಗೆ ಸುಲಭವಾಗಿತ್ತು.

"ಶೆಟ್ರೇ, ನಾವು ತಜ್ಞರನ್ನ ಕೇಳಿದ್ವಿ. ಸರ್ಕಾರ ತಜ್ಞರನ್ನ ಕಳಿಸ್ತು. ತಜ್ಞರು ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದಾರೆ. ಇದರಲ್ಲಿ ಎಲ್ಲಿದೆ ಲೋಪ?"

"ಎಲ್ಲೂ ಇಲ್ಲ ಸರ್."

"ವಿಶ್ರಾಂತಿ ಅಂತ ಬರೆದಿದಾರೆ. ಅಂದ್ರೆ ಅಚ್ಚು ಬಿಚ್ಚಬಾರದು ಅಂತ ತಾನೆ?"

"ಹೌದು ಸರ್."

"ತಜ್ಞರೇ ಹೇಳಿದ ಮೇಲೆ ನಾನು ಯಾರ್ರೀ ಬೇಡ ಅನ್ನೋಕೆ? ಬಿಚ್ಚಬೇಡಿ."

ನಾನು ತಿಂಗಳುಗಟ್ಟಲೆ ಗೋಗರೆದರೂ ಸಿಗದ ಒಪ್ಪಿಗೆ ಹೀಗೆ ಸಿಕ್ಕಿತು. ಕೆಲಸಕ್ಕೆ ಸೇರುವ ಮಕ್ಕಳಿಗೆ ಇದರಿಂದ ಏನು ಬುದ್ಧಿ ಹೇಳಬೇಕೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಮಾರನೆಯ ದಿನದಿಂದ ಅಂಗಳದ ಚಹರೆಯೇ ಬದಲಾಯಿತು. ಕಾಂಕ್ರೀಟ್ ಹಾಕುವುದು ಬಿಸಿಲೇರುವ ಮೊದಲು. ಜಲ್ಲಿಗೆ ಚಪ್ಪರದ ನೆರಳು. ಅಚ್ಚಿನ ಮೇಲೆ ಗೋಣಿ, ಬಿಚ್ಚಿದ ಮೇಲೂ ಗೋಣಿ. ಮೇಸ್ತ್ರಿ ಬೆಳಗ್ಗೆ ಬಂದು ಪ್ರತಿಯೊಂದರ ಕಂಕುಳಿಗೂ ಕೈ ಇಟ್ಟು ನೋಡುತ್ತಿದ್ದರು. "ಕಾಟಿಗೆ ಇನ್ನೂ ಬೆಚ್ಚಗುಂಟು, ಮಲಗ್ಲಿ. ಬೊಳ್ಳನಿಗೆ ಬಿಟ್ಟಿದೆ, ಏಳ್ಲಿ." ಗೋಣಿ ಹೊದ್ದು ಸಾಲಾಗಿ ಕೂತ ಅವುಗಳನ್ನು ನೋಡಲು ಸಂಜೆ ಬಂದರಿನ ಕಡೆಯಿಂದ ಜನ ಬರುತ್ತಿದ್ದರು. ಒಬ್ಬ ನೆಲಗಡಲೆ ಮಾರುವವನೂ ಬಂದು ನೆಲೆ ನಿಂತ.

ಆದರೆ ಲೆಕ್ಕ ಲೆಕ್ಕವೇ. ಅಚ್ಚು ಬಿಚ್ಚದೆ ಇಟ್ಟದ್ದರಿಂದ ಎರುಗಳ ಸಂಖ್ಯೆ ಅರ್ಧಕ್ಕರ್ಧ ಇಳಿಯಿತು. ಮಳೆಗೆ ಮುಂಚೆ ಇಡೀ ಗೋಡೆಗೆ ಹೊದೆಸಲು ಸಾಧ್ಯವಿರಲಿಲ್ಲ. ತುದಿಗೆ ಮಾತ್ರ ಸಾಕಾಗುತ್ತಿತ್ತು, ಉಳಿದ ಉದ್ದಕ್ಕೆ ದೊಡ್ಡ ಕಲ್ಲುಗಳೇ ಗತಿ. ಕಾಂತಣ್ಣನಿಗೆ ಇದನ್ನು ಹೇಳದೆ ಇರಲು ನನ್ನಿಂದಾಗಲಿಲ್ಲ. ಬೇಲಿಯ ಹತ್ತಿರ ಹೋಗಿ ಹೇಳಿದೆ.

ಅವರು ಕೇಳಿದ್ದು ಇಷ್ಟೇ. "ಕಾಲು ಹಾರಿ ಬರ್ತದಾ ಈ ಸಲ?"

"ನೋಡೋಣ ಕಾಂತಣ್ಣ. ನಾಳೆ ಒಂದನ್ನು ಎತ್ತಿ ಬೀಳಿಸ್ತೇವೆ. ನೀವೂ ಬನ್ನಿ."

ಬೀಳಿಸುವ ಪರೀಕ್ಷೆ ಆಗಿನ ನಮ್ಮ ಪದ್ಧತಿ. ಮುಂದೆ ಎಂಬತ್ತರ ದಶಕದಲ್ಲಿ ಕಾಲಿನ ಬುಡಕ್ಕೆ ತಂತಿ ಅಂಟಿಸಿ ಎಳೆತ ಅಳೆಯುವ ಯಂತ್ರಗಳು ಬಂದವು. ಆಗ ಇದ್ದದ್ದು ಕ್ರೇನ್ ಮತ್ತು ಕಿವಿ. ಎರುವನ್ನು ಎತ್ತಿ ಗಟ್ಟಿ ನೆಲದ ಮೇಲೆ ಬಿಡುವುದು, ಸದ್ದು ಕೇಳುವುದು. ಮೊದಲು ತಣ್ಣೀರಿನ ದಿನಗಳದ್ದೊಂದನ್ನು ಎತ್ತಿದೆವು. ಎರಡು ಅಡಿಯಿಂದ ಬಿಟ್ಟದ್ದೇ ಒಡೆದ ಮಡಕೆಯ ಸದ್ದು, ಕಾಲು ಒಂದು ಕಡೆ, ಎರು ಒಂದು ಕಡೆ. ಕಾಂತಣ್ಣ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ಗೋಣಿಯ ಕಾಟಿಯ ಸರದಿ. ಅದೇ ಎತ್ತರದಿಂದ ಬಿಟ್ಟೆವು. ಧಪ್ ಎಂದು ಕೂತಿತು, ಅಷ್ಟೇ. ಇನ್ನಷ್ಟು ಎತ್ತರದಿಂದ ಬಿಟ್ಟೆವು. ನೆಲ ಕುಳಿಬಿತ್ತು. ನೆಲಗಡಲೆಯವನ ಪೊಟ್ಟಣಗಳು ಚೆಲ್ಲಿದವು. ಕಾಟಿ ಮೂರು ಕಾಲಲ್ಲಿ ನಿಂತು ಒಂದನ್ನು ಆಕಾಶಕ್ಕೆ ತೋರಿಸುತ್ತಿತ್ತು.

ಮಳೆಗೆ ಮುಂಚೆ ಗೋಣಿಯ ಎರುಗಳನ್ನೆಲ್ಲ ಗೋಡೆಯ ತುದಿಗೆ ಇಳಿಸಿದೆವು. ಮಳೆಯ ಮೊದಲ ವಾರದಲ್ಲಿ ಊರಿನವರೆಲ್ಲ ದೋಣಿಗಳನ್ನು ಮೇಲೆ ಎಳೆದರು. ಕಾಂತಣ್ಣ ಮಾತ್ರ ತಮ್ಮ ದೋಣಿಯನ್ನು ಗೋಡೆಯ ಮರೆಯಲ್ಲೇ ಬಿಟ್ಟು, ಹಗ್ಗವನ್ನು ಹಳೆಯ ಮುರಿದ ಕಾಲಿಗೆ ಇನ್ನೊಂದು ಸುತ್ತು ಸುತ್ತಿದರು. ಅದನ್ನು ನೋಡಿ ನಾನು ದಡಕ್ಕೆ ಇಳಿದು ಹೋದೆ. "ಮೇಲೆ ಎಳೆಯಿರಿ ಕಾಂತಣ್ಣ, ನನಗೆ ಧೈರ್ಯ ಇಲ್ಲ" ಎಂದೆ.

"ಅಷ್ಟು ದಿನ ಗೋಣಿ ಹೊದೆಸಿದ್ದು ಯಾಕೆ ಹಾಗಾದ್ರೆ ಶೆಟ್ರೇ, ತಮಾಷೆಗಾ?"

ಅದೇ ವಾರ ಡಾಕ್ಟರ್ ಲೋಬೊ ಅವರ ಇಲಾಖೆಯಿಂದ ಕಾಗದ ಬಂತು. ಕಾಲುಬಾಯಿ ಜ್ವರ ವರದಿಯಾದ ತಾಣವಾದ್ದರಿಂದ ಎಲ್ಲ ಚತುಷ್ಪಾದಿಗಳಿಗೂ ಲಸಿಕೆ ಹಾಕಲು ತಂಡ ಬರುವುದಾಗಿಯೂ, ಪ್ರಾಣಿಗಳನ್ನು ಕಟ್ಟಿ ನಿಲ್ಲಿಸಿರಬೇಕಾಗಿಯೂ ತಿಳಿಸಿದ್ದರು. ರಾಮಶೇಷಯ್ಯನವರು ಸ್ವಹಸ್ತದಿಂದ ಉತ್ತರ ಬರೆದರು: "ಸದರಿ ಚತುಷ್ಪಾದಿಗಳು ಈಗಾಗಲೇ ಗುಣಮುಖವಾಗಿ ಸಮುದ್ರದಲ್ಲಿ ಕರ್ತವ್ಯಕ್ಕೆ ಹಾಜರಾಗಿರುವುದರಿಂದ ಕಟ್ಟಿ ನಿಲ್ಲಿಸಲು ಸಾಧ್ಯವಿರುವುದಿಲ್ಲ."

ಆ ಪತ್ರಕ್ಕೆ ರುಜು ಬಿದ್ದ ದಿನವೇ ಗಾಳಿ ಎದ್ದಿತು. ಮೂರು ದಿನ ಗೋಡೆಯ ತುದಿ ಕಣ್ಣಿಗೆ ಕಾಣಲಿಲ್ಲ, ಬರೀ ಬಿಳಿ ನೀರು. ನಾಲ್ಕನೆಯ ದಿನ ಬೆಳಗ್ಗೆ ಸ್ವಲ್ಪ ಬಿಟ್ಟಿತು. ನಾನೂ ಮೇಸ್ತ್ರಿಯೂ ಕೊಡೆ ಮಡಚಿ ಹಿಡಿದುಕೊಂಡು ತುದಿಗೆ ನಡೆದೆವು. ಗೋಡೆಯ ನಡುಭಾಗದ ಕಲ್ಲುಗಳು ಅಲ್ಲಲ್ಲಿ ಜಾರಿದ್ದವು, ಅದನ್ನು ಬೇಸಿಗೆಯಲ್ಲಿ ಸರಿಪಡಿಸಬಹುದಿತ್ತು. ತುದಿಯಲ್ಲಿ ಎರುಗಳು ಒಂದರ ಕಾಲು ಇನ್ನೊಂದರ ಸಂದಿಯಲ್ಲಿಟ್ಟು ಒತ್ತಿಕೊಂಡು ಕೂತಿದ್ದವು. ಒಂದರ ಬುಡದಲ್ಲಿ ಗೋಣಿಯ ಚೂರೊಂದು ಇನ್ನೂ ಅಂಟಿತ್ತು. ಮೇಸ್ತ್ರಿ ಒಂದೊಂದರ ಹೆಸರು ಹಿಡಿದು ಕಾಲು ನೋಡುತ್ತ ಹೋದರು. ಎಲ್ಲವೂ ಇದ್ದವು.

ಹಿಂದೆ ತಿರುಗಿದರೆ ಗೋಡೆಯ ಮರೆಯ ನೀರಿನಲ್ಲಿ ಕಾಂತಣ್ಣನ ದೋಣಿ ಮೆಲ್ಲಗೆ ತೊನೆಯುತ್ತಿತ್ತು. ಅವರು ಆಗಲೇ ಕಲ್ಲುಗಳ ಮೇಲೆ ಹತ್ತಿ ನಮ್ಮ ಕಡೆ ಬರುತ್ತಿದ್ದರು, ತಲೆಗೆ ಮಳೆಗಾಲದ ಓಲೆಯ ಗೊರಬೆ. ಒಂದು ವರ್ಷದ ಆ ಪ್ರಶ್ನೆಗೆ ಇವತ್ತು ಸರಿಯಾದ ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆದು ಸಿದ್ಧನಾಗಿದ್ದೆ.

ಅವರು ನನ್ನನ್ನು ದಾಟಿ ಮುಂದೆ ಹೋದರು. ಹತ್ತಿರದ ಎರುವಿನ ಒದ್ದೆ ಬೆನ್ನಿಗೆ ಎರಡು ಸಲ ತಟ್ಟಿ, "ಎಂಚ ಉಂಡು ಮಾರಾಯ?" ಎಂದು ಅದನ್ನೇ ವಿಚಾರಿಸಿದರು. ಆಮೇಲೆ ಇಳಿದು ಹೋಗಿ ದೋಣಿಯ ನೀರು ಮೊಗೆದು ಚೆಲ್ಲತೊಡಗಿದರು.